ದತ್ತಪ್ಪನ ಆವಿಗೆಯ ಕಾವು

ಖೂಬಾ ಪ್ಲಾಟ್, ಕಲಬುರಗಿ
9 ಆಗಸ್ಟ್ 1988

ಮಗಳೇ ಮುಕ್ತಾ,

ಹಿಮಾಲಯದ ಆ ಗಢವಾಲದ ಥಂಡಿಯಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡೇ ಇದನ್ನು ಓದು. ನನ್ನ ಹೆಲ್ತ್ ‘ಟಾಲರೇಬಲ್’. ಮೊಣಕಾಲು ನೋಯುತ್ತದೆ, ಅದೇನು ಹೊಸದಲ್ಲ. ಮೊನ್ನೆ ಕಮಲಾಪುರದ ಕೆಂಪು ಬಾಳೆಹಣ್ಣು ತಂದೆ. ನಿನ್ನ ಅವ್ವ ಇದ್ದಿದ್ದರೆ ಅರ್ಧ ಓಣಿಗೆ ಹಂಚುತ್ತಿದ್ದಳು. ಬಾಳೆಹಣ್ಣಿನ ಮಾತು ಇರಲಿ, ಕಮಲಾಪುರದ್ದೇ ಇನ್ನೊಂದು ಸುದ್ದಿ ಹೇಳಬೇಕು.

ಜೂನಿನಲ್ಲಿ, ನಿನ್ನ ಜೊತೆ ಭೂಗರ್ಭ ಸರ್ವೆಯಲ್ಲಿ ಕೆಲಸ ಮಾಡುವ ಮಕ್ಸೂದ್ ರಜೆಗೆ ಬಂದಾಗ ಅವನ ಕೈಯಲ್ಲಿ ನೀನು ಏಳು ಚೀಲ ಹಸಿ ಮಣ್ಣು ಕಳಿಸಿದ್ದೆ. ಬೆಟ್ಟ ಸೀಳಿ ಸರಿದ ಬಿರುಕಿನ ಮಣ್ಣು. ನೆಲದಾಳದಲ್ಲಿ ಎಷ್ಟು ಕಾವು ಉಂಡಿದೆ ಎಂಬುದನ್ನು ಅದರ ಕಣಗಳೇ ಹೇಳುತ್ತವೆ ಎಂದಿದ್ದೆ. ಅಲ್ಲಿಯ ಮಳೆಯಲ್ಲಿ ಅದು ಒಣಗುವುದಿಲ್ಲ, ಇಲ್ಲಿ ಹದಿನೈದು ದಿನ ನೆರಳಲ್ಲಿ ಒಣಗಿಸಿ ಲ್ಯಾಬೊರೇಟರಿಗೆ ಪಾರ್ಸಲ್ ಮಾಡಲು ಹೇಳಿದ್ದೆ.

ಇಲ್ಲಿಯೂ ಮಳೆ ಹಿಡಿಯಿತು. ಮಣ್ಣಿಗೆ ಬೂಸು ಬಂತು. ಕೈಗೆ ಸಿಕ್ಕ ಆರು ಚೀಲ ಎತ್ತಿಕೊಂಡು ಕಮಲಾಪುರದ ಕುಂಬಾರ ದತ್ತಪ್ಪನ ಹತ್ತಿರ ಹೋದೆ. ಗಡಿಗೆ ಸುಡುವ ಆವಿಗೆಯ ಪಕ್ಕ ತುಸು ಬಿಸಿಗೆ ಇಡು ಎಂದು ಹೇಳಿ ಬಂದೆ. ಮರುದಿನ ನೋಡಿದರೆ ಮಣ್ಣನ್ನು ಗಡಿಗೆಗಳಿಗೆ ಸುರಿದು ಆವಿಗೆಯ ಒಳಗೇ ಇಟ್ಟು ಸುಟ್ಟಿದ್ದ. “ರಾಯರ, ಸುಟ್ಟ ಮಣ್ಣು ಇನ್ನ ನೀರಿಗೆ ಅಂಜೂದಿಲ್ಲರೀ,” ಎಂದ, ಉಪಕಾರ ಮಾಡಿದವನ ಹಾಗೆ ನಗುತ್ತ.

ಬಣ್ಣ ತುಸು ಕೆಂಪಗಾಗಿತ್ತು. ಅದನ್ನೇ ಚೀಟಿ ಕಟ್ಟಿ ಲ್ಯಾಬೊರೇಟರಿಗೆ ಕಳಿಸಿದೆ. ನಿನಗೆ ‘ಡ್ರೈಡ್ ಆ್ಯಸ್ ಪರ್ ಇನ್‌ಸ್ಟ್ರಕ್ಷನ್’ ಎಂದು ಬರೆದೆ. ಸುಳ್ಳನ್ನು ಇಂಗ್ಲಿಷಿನಲ್ಲಿ ಬರೆದರೆ ಕೈ ನಡುಗುವುದಿಲ್ಲ.

ನಿನ್ನೆ ನಿನ್ನ ಕಾಗದ ಬಂತು. ನೀರು ಕುಡಿದು ಉಬ್ಬುವ ಜಾರುಮಣ್ಣು ಅದರಲ್ಲಿ ಇಲ್ಲವೇ ಇಲ್ಲ, ಬಿರುಕು ಎಂದೋ ಬೆಂದು ಗಟ್ಟಿಯಾಗಿದೆ ಎಂದು ಲ್ಯಾಬೊರೇಟರಿಯವರು ತಿಳಿಸಿದ್ದಾರಂತೆ. ಅದೇ ಧೈರ್ಯದ ಮೇಲೆ ಹನ್ನೊಂದು ಜನರ ಡೇರೆಗಳನ್ನು ಆ ಇಳಿಜಾರಿನ ಬುಡಕ್ಕೆ ಸಾಗಿಸುತ್ತಿದ್ದೀರಂತೆ. ಮುಕ್ತಾ, ಅದು ಬೆಟ್ಟದ ಕಾವಲ್ಲ. ದತ್ತಪ್ಪನ ಆವಿಗೆಯ ಕಾವು.

ಡೇರೆ ಕೀಳಿಸು. ನಮ್ಮಪ್ಪ ಸುಳ್ಳು ಹೇಳಿದ ಎಂದು ಎಲ್ಲರೆದುರು ಹೇಳಿಯೇ ಕೀಳಿಸು. ಇವತ್ತು ಬೆಳಿಗ್ಗೆ ತಾರು ಕೊಟ್ಟೆ. ತಾರಿನ ಗುಮಾಸ್ತ ಲಾಲ್ ಅಹ್ಮದ್, “ಆ ಕಡೆ ಮಳಿ ಭಾಳ ಅದರೀ, ರಸ್ತಾ ಬಂದ್ ಆಗ್ಯಾವ. ಯಾವಾಗ ಮುಟ್ಟತದೋ,” ಎಂದ.

ನಿನ್ನ ದಾರಿ ಕಾಯುತ್ತಿರುವ ಅಪ್ಪ,
ಬಂಡೂರಾವ

ತಾ.ಕ.: ನಿನ್ನ ಕಾಗದ ಬಂದದ್ದು ನಿನ್ನೆಯಲ್ಲ, ಹತ್ತು ದಿನದ ಹಿಂದೆ. ನಾಚಿಕೆಯಿಂದ ಸುಮ್ಮನಿದ್ದೆ. ಇವತ್ತು ಅಟ್ಟದ ಮೇಲೆ ಏಳನೆಯ ಚೀಲ ಸಿಕ್ಕಿತು, ಸುಡದೆ ಉಳಿದದ್ದು. ಒಂದು ಹಿಡಿ ತೆಗೆದು ನಿನ್ನ ಅವ್ವನ ಹಿತ್ತಾಳೆ ಬಟ್ಟಲಲ್ಲಿ ನೀರು ಹಾಕಿಟ್ಟು ಇದನ್ನು ಬರೆಯಲು ಕೂತೆ. ಈಗ ನೋಡಿದರೆ ಅದು ಉಬ್ಬಿ, ಬಟ್ಟಲಿನ ಅಂಚು ದಾಟಿ, ಕೆಳಗೆ ಜಾರಿದೆ.