ಬೆನ್ನ ಮೇಲಿದ್ದದ್ದು ರೋಮವಲ್ಲ

ಅಣ್ಣಾ,

ಭಾನುವಾರ ಮಧ್ಯಾಹ್ನ ಮೂರಕ್ಕೆ, ಅಪರೂಪಕ್ಕೆ ಕಣ್ಣು ಹತ್ತಿದ್ದಾಗ, ಚಪ್ಪಲಿ ಬಡಿದ ಸದ್ದಿಗೆ ಎಚ್ಚರವಾಯಿತು. ಈ ಹೊಸ ಮನೆಯ ತೊಟ್ಟಿಲ ಕೆಳಗೆ ಎರಡು ದಿನದಿಂದ ಒಂದು ಕಂದು ಜೇಡ ಓಡಾಡುತ್ತಿತ್ತು. ಬಲೆ ಎಲ್ಲೂ ಇಲ್ಲ, ಬೆನ್ನ ತುಂಬ ರೋಮ. ಡಬ್ಬಿಯಲ್ಲಿ ಹಿಡಿದಿಡಿ, ಅಣ್ಣನನ್ನು ಕೇಳೋಣ ಎಂದಿದ್ದೆ. ಇವರು ಕೇಳಬೇಕಲ್ಲ. ಹೊಡೆದದ್ದೇ ತಡ, ಆ ರೋಮವೆಲ್ಲ ಇಳಿದು ದಿಕ್ಕಾಪಾಲಾಗಿ ಓಡಿತು. ಅಷ್ಟೂ ಮರಿಗಳು!

"ಸತ್ತೋಯ್ತಲ್ಲ, ಇನ್ನೇನೇ ನಿನ್ನ ರಗಳೆ?" ಅನ್ನುತ್ತಾರೆ. ತಾಯಿ ಸತ್ತಳು, ಮಕ್ಕಳೆಲ್ಲ ನಮ್ಮ ಹಾಸಿಗೆಯಲ್ಲಿವೆ.

ಪಾಪುವಿಗೆ ಜ್ವರವಿಲ್ಲ, ಆದರೆ ಹಿಮ್ಮಡಿಯಲ್ಲೊಂದು ಕೆಂಪು ಗುಳ್ಳೆ ಎದ್ದಿದೆ. ಕಾಲೇಜಿನಲ್ಲಿ ಹುಳುಗಳ ಪಾಠ ಮಾಡುವವನು ನೀನು. ಇದು ಯಾವ ಜೇಡ, ಮರಿಗಳೂ ಕಚ್ಚುತ್ತವೆಯೇ? ನಮ್ಮ ಫೋನಿಗೆ ಕರೆ ಬರುತ್ತದೆ, ಇಲ್ಲಿಂದ ಹೋಗುವುದಿಲ್ಲ. ಈ ಕಾರ್ಡ್ ಸಿಕ್ಕ ದಿನವೇ ಫೋನ್ ಮಾಡು. ರಾತ್ರಿಯಾಯಿತು, ಬೆಳಗಾಗಲಿ ಎಂದು ಮಾತ್ರ ಕಾಯಬೇಡ, ದಮ್ಮಯ್ಯ.

ನಿನ್ನ ತಂಗಿ