ಬ್ಯಾಂಡ್ ಮಾತ್ರ ಬೇಕಂತೆ

ರಾಜ್ಯ ಉನ್ನತ ಶಿಕ್ಷಣ ಮಂಡಳಿಯ ಅಧ್ಯಕ್ಷರಾದ ಮಾನ್ಯ ಪ್ರೆಸ್ಕಾಟ್ ಅವರಿಗೆ,

ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರು ಕಟ್ಟಿದ ನಮ್ಮ ಗಿಲಿಯಡ್ ಕಾಲೇಜನ್ನು ಮುಚ್ಚಿ, ಬ್ಯಾಂಡನ್ನು ಮಾತ್ರ ನಗರದ ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳುವ ನಿಮ್ಮ ಪ್ರಸ್ತಾವ ತಲುಪಿತು. ಬ್ಯಾಂಡಿನ ಶಿಕ್ಷಕಿಯಾದ ನನ್ನ ಒಪ್ಪಿಗೆ ಕೇಳಿದ್ದೀರಿ. ಒಪ್ಪಿಗೆ ಇಲ್ಲ.

ಕಳೆದ ಶನಿವಾರ ನೀವು ನಮ್ಮ ಫುಟ್‌ಬಾಲ್ ಪಂದ್ಯಕ್ಕೆ ಬಂದಿದ್ದಿರಿ. ಅರ್ಧ ಆಟ ಮುಗಿದು, ವಿರಾಮದಲ್ಲಿ ನಮ್ಮ ಬ್ಯಾಂಡಿನ ಮಕ್ಕಳು ಡ್ರಮ್ ಹೊತ್ತು ಮೈದಾನಕ್ಕೆ ಇಳಿದದ್ದೇ ತಡ, ನೀವು ತಿಂಡಿಗೆಂದು ಎದ್ದಿರಿ. ಹಿಂದಿನ ಸಾಲಿನ ಅರ್ಲೀನಜ್ಜಿ ನಿಮ್ಮ ಕೋಟು ಜಗ್ಗಿದರು.

"ಕೂತ್ಕೊಳ್ಳಪ್ಪ. ಇಲ್ಲಿ ಕರಿದ ಮೀನು ತಿನ್ನೋಕೆ ಹೋಗೋದು ಚೆಂಡಾಟ ನಡೀವಾಗ. ಬ್ಯಾಂಡ್ ಬಂದಾಗ ಯಾರಾದ್ರೂ ಏಳ್ತಾರಾ?"

ನೀವು ನಕ್ಕು, ಹೋಗಿಯೇಬಿಟ್ಟಿರಿ.

ಆ ಅಜ್ಜಿ ಯಾರೆಂದು ಹೇಳಿಬಿಡುತ್ತೇನೆ. ಕಪ್ಪು ಜನರಿಗೆ ಜಾಗವಿಲ್ಲವೆಂದು ಆ ದೊಡ್ಡ ವಿಶ್ವವಿದ್ಯಾಲಯ ಹಿಂದೆ ಅವರನ್ನು ಗೇಟಿನಿಂದಲೇ ಕಳಿಸಿತ್ತು. ಗಿಲಿಯಡ್ ಅವರ ಕೈಗೆ ಕ್ಲಾರಿನೆಟ್ ಕೊಟ್ಟಿತು, ಗಣಿತದ ಶಿಕ್ಷಕಿಯನ್ನಾಗಿ ಮಾಡಿತು. ಈಗ ಅವರ ಮೊಮ್ಮಗಳು ನನ್ನ ತಂಡದಲ್ಲಿ ಅದೇ ಕ್ಲಾರಿನೆಟ್ ನುಡಿಸುತ್ತಾಳೆ, ಉಳಿದ ಹೊತ್ತು ನರ್ಸಿಂಗ್ ಓದುತ್ತಾಳೆ. ಅವಳ ಕಾಲಕ್ಕೆ ಎಲ್ಲ ಗೇಟುಗಳೂ ತೆರೆದಿದ್ದವು, ಆದರೂ ಇಲ್ಲಿಗೇ ಬಂದಳು. ಅವಳ ತರಗತಿಗೆ ಬೀಗ ಹಾಕಿ, ಕ್ಲಾರಿನೆಟ್ಟನ್ನು ಮಾತ್ರ ಹೊತ್ತೊಯ್ಯಲು ನಾನು ಬಿಡುವುದಿಲ್ಲ.

ಈ ಶನಿವಾರ ಮತ್ತೆ ಬನ್ನಿ. ಅಜ್ಜಿಯ ಪಕ್ಕದ ಸೀಟು ನಿಮಗೆಂದೇ ಇಟ್ಟಿದ್ದೇನೆ. ಹಸಿವಾದರೆ ಮೊದಲೇ ತಿಂದುಕೊಳ್ಳಿ. ನಾವಂತೂ ಎದ್ದು ಹೋಗುವವರಲ್ಲ.

ವರ್ನೆಲ್ ಗ್ಯಾಡ್ಸ್‌ಡನ್
ಗಿಲಿಯಡ್ ಕಾಲೇಜು, ಎಂದಿನ ವಿಳಾಸದಲ್ಲೇ