ಬೋರಲಿಟ್ಟ ಗ್ಲಾಸು

ಫೆಬ್ರವರಿ 11. ರಾತ್ರಿ 2:40

ಚಮಚದ ಸದ್ದು. ಕೆಳಗೆ, ಅಡುಗೆಮನೆಯಲ್ಲಿ. ಬಟ್ಟಲಿಗೆ ಚಮಚ ತಾಗಿದ ಹಾಗೆ — ಟಿಣ್. ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಟಿಣ್.

ಮೊದಲು ಅಗಾತ್‌ಳ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಉಸಿರಿದೆ. ಹುಟ್ಟಿದ್ದು ಅಕ್ಟೋಬರಿನಲ್ಲಿ, ಇನ್ನೂ ದಿನಾ ರಾತ್ರಿ ನೋಡುತ್ತೇನೆ. ಹಾಸಿಗೆಯಲ್ಲಿ ತಿಬೋನ ಜಾಗ ಖಾಲಿ. ಕೈಯಿಟ್ಟರೆ ತಣ್ಣಗಿದೆ.

ಮಾರ್ಚ್ ಮೊದಲ ವಾರಕ್ಕೆ ನಮ್ಮ ಹೋಟೆಲಿಗೆ ಹೊಸ ಮೆನು. ಗಂಡ ನಿದ್ದೆಗೆಟ್ಟು ಏನೋ ಹೊಸದು ಮಾಡಿ ನೋಡುತ್ತಿರಬೇಕು. ಆದರೆ ಒಗ್ಗರಣೆಯಂಥದ್ದು, ಬೆಣ್ಣೆ ಕಾದದ್ದು, ಯಾವ ವಾಸನೆಯೂ ಮೇಲೆ ಬರುತ್ತಿಲ್ಲ. ಸದ್ದು ಮಾತ್ರ.

ಅವನದು ಅಡುಗೆ, ನನ್ನದು ವೈನ್. ಮದುವೆಗೆ ಮುಂಚಿನಿಂದಲೂ ಹಾಗೇ. ಅಡುಗೆಮನೆಗೂ ನನ್ನ ವೈನ್ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ಹೊಸ ಅಡುಗೆ ಮಾಡಿದಾಗ ಅದರಲ್ಲಿ ಒಂದು ಚಮಚ ಇಟ್ಟು ಗಂಟೆ ಬಾರಿಸುತ್ತಾನೆ. ನಾನು ತಿಂದು, ಅದಕ್ಕೆ ಸರಿಹೊಂದುವ ವೈನ್ ಒಂದು ಗ್ಲಾಸು ಇಡುತ್ತೇನೆ. ಮಾತಾಡುವ ಹಾಗಿಲ್ಲ. ಒಪ್ಪಿದರೆ ಗ್ಲಾಸು ಖಾಲಿಯಾಗಿ ವಾಪಸು ಬರುತ್ತದೆ. ಒಪ್ಪದಿದ್ದರೆ ಬೋರಲಾಗಿ.

ಹೋದ ವರ್ಷ ಮೊಲದ ಮಾಂಸಕ್ಕೆ ವಾರವಿಡೀ ಬೋರಲು ಗ್ಲಾಸೇ. ಕೊನೆಗೆ ಕಿಂಡಿಯೊಳಗೆ ತಲೆ ತೂರಿಸಿ ಕೂಗಿದ್ದೆ, “ನೀನೇ ಬಂದು ಆರಿಸ್ಕೊಂಡು ಹೋಗು ಮಾರಾಯ!”

“ಮಾತಾಡ್ಬಿಟ್ಟೆ. ಸೋತೆ,” ಅಂದಿದ್ದ. ಹಣೆಗೊಂದು ಮುತ್ತು ಕೊಟ್ಟಿದ್ದ. ಕೈಯೆಲ್ಲ ಬೆಳ್ಳುಳ್ಳಿ.

ಈ ಸಲ ಎಲ್ಲ ಗ್ಲಾಸೂ ಖಾಲಿ ಬರುತ್ತಿವೆ. ಮೊದಲ ಸಲಕ್ಕೇ. ಖುಷಿಯಾಗಬೇಕಿತ್ತು...

ಫೆಬ್ರವರಿ 14. ಮಧ್ಯಾಹ್ನ, ಮಗು ಮಲಗಿದಾಗ

ಮಾವ ಹುಲ್ಲು ವೈನಿನ ಪುಟ್ಟ ಸೀಸೆ ಹಿಡಿದು ಬಂದರು. ದ್ರಾಕ್ಷಿಯನ್ನು ಹುಲ್ಲಿನ ಮೇಲೆ ಒಣಗಿಸಿ ಮಾಡಿದ್ದು, ಜೇನಿನ ಹಾಗೆ ಸಿಹಿ. ನಮ್ಮ ಅರ್ಬುವಾ ಊರಿನಲ್ಲಿ ಬಾಣಂತಿಗೆ ಇದೇ ಮದ್ದು.

“ಬಾಯಿ ತೆಗಿ ಸೊಲೆನ್. ಒಂದೇ ಚಮಚ. ನಿಮ್ಮತ್ತೆ ಇದ್ದಿದ್ರೆ ಬಾಟ್ಲಿ ಪೂರ್ತಿ ಕುಡಿಸಿರೋಳು.”

“ಹಾಲು ಕುಡಿಸ್ತಿದೀನಿ ಮಾವ. ರುಚಿ ನೋಡಿದ ವೈನೆಲ್ಲ ಉಗೀತಿದೀನಿ.”

“ಓದಿದೋರ ಕಥೆಯೇ ಇಷ್ಟು. ಔಷಧೀನೂ ಉಗೀತೀರಿ.” ತಾವೇ ಕುಡಿದು ಸೀಸೆ ಮುಚ್ಚಿದರು. ಹೋಗುವಾಗ ಬಾಗಿಲಲ್ಲಿ ನಿಂತರು. “ತಿಬೋ ಯಾಕೆ ಸಪ್ಪಗಿದಾನೆ? ಜಗಳ ಏನಾದ್ರೂ...?”

ಇಲ್ಲ ಅಂದೆ. ಜಗಳ ಇಲ್ಲದ್ದೇ ಸಂಕಟ ಅಂತ ಹೇಗೆ ಹೇಳುವುದು?

ಜನವರಿಯಲ್ಲಿ ಹೋಟೆಲು ಮುಚ್ಚಿದ್ದಾಗ ತಿಬೋ ಹಿತ್ತಿಲ ಕಡೆಯ ನೆಲಮಾಳಿಗೆಯ ಮೆಟ್ಟಿಲಲ್ಲಿ ಹಿಮದ ಮೇಲೆ ಜಾರಿ ಬಿದ್ದಿದ್ದ. ತಲೆಯ ಹಿಂಭಾಗ ಊದಿಕೊಂಡಿತ್ತು. ಒಳಗೇನೂ ಆಗಿಲ್ಲ ಎಂದು ಡಾಕ್ಟರು ಅಂದರು. ಊತ ಇಳಿಯಿತು. ಆವತ್ತಿನಿಂದ ಬೇರೆ ಮನುಷ್ಯ. ನನ್ನ ಕುತ್ತಿಗೆಗೆ ಮೂಗು ಒತ್ತಿ ಮಲಗುತ್ತಿದ್ದವನು ಈಗ ಗೋಡೆಗೆ ಮುಖ. ಕೆಲಸ ಮುಗಿದ ಕೂಡಲೇ ಮೇಲೆ ಬಂದು ಮಗುವಿನ ನೆತ್ತಿ ಮೂಸುತ್ತಿದ್ದ — “ಬ್ರೆಡ್ಡು, ಈಗ ತಾನೇ ಒಲೆಯಿಂದ ತೆಗ್ದಿದ್ದು!” ಈಗ ಎತ್ತಿಕೊಳ್ಳುತ್ತಾನೆ, ಆಡಿಸುತ್ತಾನೆ. ಮೂಸುವುದಿಲ್ಲ.

ನನ್ನ ಮೈಯೇ ಹಿಡಿಸುತ್ತಿಲ್ಲವೇನೋ. ಹಾಲು, ಬೆವರು, ಮಾಸಿದ ನೈಟಿ.

ಫೆಬ್ರವರಿ 19

ಹೊಳೆಯ ಟ್ರೌಟ್ ಮೀನು ಬಂತು ಕಿಂಡಿಗೆ. ಮೇಲೆ ಹಸಿ ಸೊಪ್ಪಿನ ಸಾರು, ತೆಳ್ಳಗೆ, ಕೋಮಲವಾಗಿ. ಮಗು ರಾತ್ರಿಯೆಲ್ಲ ಮಲಗಗೊಟ್ಟಿರಲಿಲ್ಲ, ಕಣ್ಣು ಉರಿಯುತ್ತಿತ್ತು. ಕೈಗೆ ಸಿಕ್ಕ ಕೆಂಪು ವೈನ್ ಸುರಿದೆ — ಒಗರು, ಗಡುಸು. ಆ ಮೀನಿನ ಬಾಯಿಗೆ ಮೊಳೆ ಹೊಡೆದ ಹಾಗೆ. ಇಟ್ಟ ಮೇಲೆ ತಪ್ಪು ಗೊತ್ತಾಯಿತು. ಬೋರಲು ಬರಲಿ, ನಗೋಣ ಅಂತ ಕಾದೆ.

ಖಾಲಿ ಬಂತು.

ಊಟ ಬಡಿಸುವ ಜಿನೆತ್ ನನ್ನ ಮುಖ ನೋಡಿದಳು. ಮಾವನ ಕಾಲದಿಂದ ಇಲ್ಲೇ ಇರುವವಳು, ಯಾರಿಗೂ ಹೆದರುವುದಿಲ್ಲ.

“ಅತ್ತಿದ್ಯಾ?”

“ಈರುಳ್ಳಿ.”

“ವೈನ್ ರೂಮಲ್ಲಿ ಈರುಳ್ಳಿ ಯಾವಾಗಿಂದ ಹೆಚ್ತಾರೆ? ಕೇಳಿಲ್ಲಿ ಹುಡುಗಿ. ಮಗು ಆದ್ಮೇಲೆ ಗಂಡಸ್ರು ಹಿಂಗೇ. ಮೂಲೇಲಿ ಕೂತ್ಕೊಂಡು ತಾವೇ ಹೆತ್ತಂಗೆ ಸೊರಗ್ತಾರೆ. ನಮ್ಮೋನು ಆರು ತಿಂಗ್ಳು ಬರೀ ಕೋಳಿ ಜೊತೆ ಮಾತಾಡ್ತಿದ್ದ.”

ನಕ್ಕೆ. ಗ್ಲಾಸು ತೊಳೆಯಲು ತಿರುಗಿದೆ.

ಫೆಬ್ರವರಿ 20. ಸಂಜೆ

ಮಾಡಬಾರದಿತ್ತು. ಮಾಡಿದೆ.

ಬಿರಡೆ ಕೆಟ್ಟ ಸೀಸೆಯೊಂದು ಸಿಕ್ಕಿತು ಬೆಳಿಗ್ಗೆ. ತೆಗೆದ ಕೂಡಲೇ ನೆನೆದ ರಟ್ಟಿನ ವಾಸನೆ, ಮುಚ್ಚಿಟ್ಟ ನೆಲಮಾಳಿಗೆಯ ಬೂಷ್ಟು. ವೈನ್ ಕುಡಿಯದವರೂ ಮುಖ ಹಿಂಡುವಂಥದ್ದು. ಇದನ್ನು ಚರಂಡಿಗೆ ಸುರಿಯಬೇಕು. ಸುರಿಯಲಿಲ್ಲ. ಮಧ್ಯಾಹ್ನ ಕಿಂಡಿಗೆ ಕೋಳಿ ಬಂತು — ಕೆನೆ, ಮೊರಿಲ್ ಅಣಬೆ, ಹಳದಿ ವೈನ್. ಈ ಮನೆಯ ಹೆಸರೇ ನಿಂತಿರುವ ಅಡುಗೆ. ಅದಕ್ಕೆ ಆ ಕೊಳೆತ ಗ್ಲಾಸು ಇಟ್ಟೆ.

ಈಗ ಬಯ್ಯುತ್ತಾನೆ. ಕಿಂಡಿಯಿಂದ ತಲೆ ಹಾಕಿ ‘ಕೊಲ್ಲೋಕೆ ನೋಡಿದ್ಯೇನೇ!’ ಅನ್ನುತ್ತಾನೆ. ಅನ್ನಲಿ. ಒಂದು ಸಲ ಅನ್ನಲಿ.

ಗ್ಲಾಸು ಖಾಲಿ ಬಂತು. ಅಷ್ಟೇ ಅಲ್ಲ, ಅವನೇ ಬಾಗಿ ನೋಡಿದ. ಬಲವಂತದ ನಗು.

“ಚೆನ್ನಾಗಿದೆ ಸೊಲೆನ್. ಇದನ್ನೇ ಬರ್ಕೊ.”

ಮಾತಾಡಬಾರದು ಎಂಬ ಕಟ್ಟಳೆ ಮುರಿದದ್ದು ಅವನು. ಸೋತವಳು ನಾನು. ಹಿತ್ತಿಲಿಗೆ ಹೋಗಿ ಸೌದೆ ರಾಶಿಯ ಹಿಂದೆ ಅತ್ತೆ. ಕುಡಿಯದೆಯೇ ಚೆಲ್ಲಿದನೇ? ನನ್ನ ಜೊತೆ ಜಗಳವಾಡುವಷ್ಟೂ ಇಷ್ಟ ಉಳಿದಿಲ್ಲವೇ?

ಫೆಬ್ರವರಿ 24. ರಾತ್ರಿ 3

ಮತ್ತೆ ಚಮಚ. ಈ ಸಲ ಇಳಿದೆ. ಬರಿಗಾಲಲ್ಲಿ, ಮೆಟ್ಟಿಲ ಅರ್ಧಕ್ಕೆ ನಿಂತು ನೋಡಿದೆ.

ಒಂದೇ ದೀಪ. ಮೇಜಿನ ಮೇಲೆ ಸಾಲಾಗಿ ಬಟ್ಟಲುಗಳು. ಲವಂಗ. ಕಾಫಿ ಪುಡಿ. ಜಜ್ಜಿದ ಬೆಳ್ಳುಳ್ಳಿ. ಕಿತ್ತಳೆ ಸಿಪ್ಪೆ. ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಚಮಚದಲ್ಲಿ ಕಲಕಿ ಮೂಗಿಗೆ ಹಿಡಿಯುತ್ತಿದ್ದ. ದೀರ್ಘವಾಗಿ ಉಸಿರೆಳೆದುಕೊಂಡು, ಕಾದು, ತಲೆ ಅಲ್ಲಾಡಿಸಿ ಕೆಳಗಿಡುವುದು. ಟಿಣ್. ಮುಂದಿನದು. ಕೊನೆಯ ಬಟ್ಟಲಿನಲ್ಲಿ ಏನೋ ಬಟ್ಟೆ. ಅಗಾತ್‌ಳ ಟೋಪಿ.

ಅದನ್ನು ಮುಖಕ್ಕೆ ಒತ್ತಿ ಹಿಡಿದುಕೊಂಡು ಬಹಳ ಹೊತ್ತು ಹಾಗೇ ಕೂತಿದ್ದ.

ದಡ್ಡಿ ನಾನು. ದಿಜೋನಿನಲ್ಲಿ ವೈನ್ ವಿದ್ಯೆ ಓದುವಾಗ ಪರೀಕ್ಷೆಗೆ ಉರುಹೊಡೆದದ್ದೇ ಅದು: ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಗೆ, ಉಳಿದದ್ದೆಲ್ಲ ಮೂಗಿಗೆ. ತಲೆಗೆ ಪೆಟ್ಟು ಬಿದ್ದರೆ ವಾಸನೆಯೇ ತಿಳಿಯದಂತಾಗಬಹುದು. ಅವನು ನನ್ನಿಂದ ಮುಖ ತಿರುಗಿಸಿರಲಿಲ್ಲ. ನಾನಿದ್ದ ಕಡೆ ಅವನಿಗೆ ಯಾವ ವಾಸನೆಯೂ ಸಿಗುತ್ತಿರಲಿಲ್ಲ.

ಕೆಳಗೆ ಹೋಗಬೇಕಿತ್ತು. ಹೆಗಲ ಮೇಲೆ ಕೈಯಿಡಬೇಕಿತ್ತು. ‘ಗೊತ್ತಾಯ್ತು ಕಣೋ’ ಅಂದಿದ್ದರೆ ಸಾಕಿತ್ತು. ಆದರೆ ಅವನೇ ಹೇಳಲಿ ಅನಿಸಿತು. ಹೆಮ್ಮೆಯವನು. ಸದ್ದಿಲ್ಲದೆ ಮೇಲೆ ಬಂದೆ.

ಮಾರ್ಚ್ 5

ಹೊಸ ಮೆನು ಶುರು. ಪ್ರತಿ ಅಡುಗೆಯ ಹೆಸರಿನ ಕೆಳಗೆ ನನ್ನ ವೈನ್. ಕೋಳಿಗೆ ಹಳೆಯ ಹಳದಿ ವೈನ್, ಮೀನಿಗೆ ಎಳೆ ಬಿಳಿ ವೈನ್. ಸರಿ ಮಾಡಿಟ್ಟೆ ಎಲ್ಲವನ್ನೂ, ಅವನಿಗೆ ತಿಳಿಯದ ಹಾಗೆ. ಬಡಿಸುವ ಮೊದಲು ಕದ್ದು ರುಚಿ ನೋಡುತ್ತೇನೆ. ಎಲ್ಲ ಸರಿಯಾಗಿದೆ! ಗಡಿಯಾರ ನೋಡಿ, ಸದ್ದು ಕೇಳಿ, ಬಣ್ಣ ನೋಡಿ, ಕೈಯ ನೆನಪಿನಿಂದ ಮಾಡುತ್ತಿದ್ದಾನೆ. ಆಳುಗಳ ಊಟದಲ್ಲಿ ಜಿನೆತ್‌ಳ ಮುಖವನ್ನೇ ದಿಟ್ಟಿಸುತ್ತಾನೆ, ಮೊದಲ ತುತ್ತಿಗೆ.

“ಏನ್ ಶೆಫ್ ಹಂಗ್ ನೋಡ್ತೀಯ? ವಿಷ ಹಾಕಿದ್ಯಾ?” ಅಂದಳು ಇವತ್ತು.

ಅವನೂ ನಕ್ಕ. ಹೇಳುತ್ತಾನೆ, ಇನ್ನೇನು ಹೇಳುತ್ತಾನೆ.

ಮಾರ್ಚ್ 9. ಸಂಜೆ

ಹೇಗೆ ಬರೆಯಲಿ.

ಮಧ್ಯಾಹ್ನ ಮಗುವನ್ನು ಮಲಗಿಸಿದ ಬುಟ್ಟಿ ಅಡುಗೆಮನೆಯಲ್ಲಿತ್ತು, ಒಲೆಯ ಪಕ್ಕದ ಬೆಂಚಿನ ಮೇಲೆ, ಬೆಚ್ಚಗಿರಲಿ ಅಂತ. ನೋಡ್ಕೋತೀನಿ ಅಂದಿದ್ದ ತಿಬೋ. ನಾನು ನೆಲಮಾಳಿಗೆಯಿಂದ ಸೀಸೆ ತರಲು ಹೋದೆ. ಮೆಟ್ಟಿಲು ಹತ್ತುವಾಗಲೇ ಸುಟ್ಟ ವಾಸನೆ. ಓಡಿದೆ. ಒಲೆ ಒರೆಸುವ ಬಟ್ಟೆ ಬರ್ನರಿನ ಅಂಚಿಗೆ ಬಿದ್ದು ಕಪ್ಪಗೆ ಸುಡುತ್ತಿತ್ತು, ಹೊಗೆ ಬುಟ್ಟಿಯ ಕಡೆಗೇ. ಅವನು ಬೆನ್ನು ಹಾಕಿ ನಿಂತು ಸೊಪ್ಪು ಹೆಚ್ಚುತ್ತಿದ್ದ. ಎರಡು ಹೆಜ್ಜೆ ದೂರ. ಏನೋ ಗುನುಗಿಕೊಂಡು.

ಬಟ್ಟೆ ಸಿಂಕಿಗೆ ಎಸೆದೆ. ಮಗುವಿಗೆ ಏನೂ ಆಗಲಿಲ್ಲ. ಕೆಮ್ಮಿದಳು, ಅಷ್ಟೇ. ಏನೂ ಆಗಲಿಲ್ಲ ಅಂತ ಎಷ್ಟು ಸಲ ಬರೆದರೂ ಸಾಲುತ್ತಿಲ್ಲ.

ನಾನು ಕಿರುಚಿದೆ. ಮಾವ ಓಡಿ ಬಂದರು, ಜಿನೆತ್ ಬಂದಳು. ಎಲ್ಲರೆದುರು. “ಮೂಗು ಸತ್ತೋನ ಹತ್ರ ಮಗು ಬಿಟ್ಟೋದ್ನಲ್ಲ ನಾನು!”

ತಿಬೋ ಬೆಳ್ಳಗಾದ. “ಏನಂದೆ?”

“ಕೊಳೆತ ವೈನ್ ಇಟ್ರೆ ಚೆನ್ನಾಗಿದೆ ಅಂದೋನು ನೀನು! ಬಿರಡೆ ಕೆಟ್ಟಿದ್ದು! ನಾಯಿನೂ ಮೂಸ್ತಿರ್ಲಿಲ್ಲ!”

ಚಾಕು ಕೆಳಗಿಟ್ಟ, ನಿಧಾನಕ್ಕೆ.

“ಪರೀಕ್ಷೆ ಮಾಡಿದ್ಯಾ ನನ್ನ?” ಅಂದ. ಸಿಟ್ಟಿನಿಂದಲ್ಲ. ಮಗು ಕೇಳಿದ ಹಾಗೆ ಕೇಳಿದ. “ಆ ಕಿಂಡೀಲಿ? ನಮ್ಮ ಕಿಂಡೀಲಿ?”

ಮಾವ ಕುರ್ಚಿ ಎಳೆದು ಕೂತರು. “ಯಾವಾಗಿಂದ ಕಣೋ?”

“ಜನವರಿ.”

“ನಂಗೊಂದು ಮಾತು ಹೇಳ್ಬಾರ್ದಿತ್ತಾ?” ಮಾವ ಕೈಯಿಂದ ಮುಖ ಉಜ್ಜಿಕೊಂಡರು. “ನಾಳೆ ಊಟದ ಹೊತ್ತಿಗೆ ಮೇಜೆಲ್ಲ ಭರ್ತಿ. ಬೆಳಿಗ್ಗೆ ದೋಲ್ ಊರಿನ ಒಬ್ಬ ಅಡುಗೆಯೋನ್ನ ಕರೆಸ್ತೀನಿ. ನೀನು ಕೆಲವು ದಿನ... ರೆಸ್ಟ್ ತಗೋ.”

ತಿಬೋ ಏಪ್ರನ್ ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟ.

ಆಮೇಲೆ ಮಗುವಿಗೆ ಹಾಲು ಕುಡಿಸಿ ಕೆಳಗೆ ಹೋದೆ. ನಾವು ಮೊದಲ ಸಲ ಒಪ್ಪಿಕೊಂಡ ವೈನ್ ತೆಗೆದೆ — ತೆಳು ಕೆಂಪು, ಹೊಗೆ ಹಾಕಿದ ಸಾಸೇಜಿಗೆ ಅಂತ ಆರಿಸಿದ್ದು. ಆವತ್ತು ಅವನು ಗ್ಲಾಸು ಖಾಲಿ ಮಾಡಿ, ಅದೇ ಕಿಂಡಿಯಿಂದ ಮದುವೆಯಾಗ್ತೀಯಾ ಅಂತ ಕೇಳಿದ್ದ. ಗ್ಲಾಸಿಗೆ ಸುರಿದು ಕಿಂಡಿಯಲ್ಲಿಟ್ಟೆ. ಗಂಟೆ ಬಾರಿಸಿದೆ. ಕ್ಷಮಿಸು ಅನ್ನಲು ನನಗೆ ಬೇರೆ ದಾರಿ ಬರುವುದಿಲ್ಲ.

ಮಾರ್ಚ್ 10. ರಾತ್ರಿ 3:15

ಹಿತ್ತಿಲ ಬಾಗಿಲ ಚಿಲಕ. ಆಮೇಲೆ ಕಾರು. ನಾನು ಕಿಟಕಿಗೆ ಬರುವಷ್ಟರಲ್ಲಿ ಹಿಂದಿನ ಕೆಂಪು ದೀಪ ಬೆಟ್ಟದ ರಸ್ತೆಗೆ ತಿರುಗಿತ್ತು. ಪೇಟೆಯ ಕಡೆಗಲ್ಲ. ಮೇಲಕ್ಕೆ, ಪ್ರಪಾತದ ಬಂಡೆಗಳ ಕಡೆಗೆ. ಹಿಮ ಬೀಳುತ್ತಿದೆ.

ಕಿಂಡಿಯಲ್ಲಿ ಗ್ಲಾಸು ಬೋರಲಾಗಿದೆ. ಸುತ್ತ ಕೆಂಪು ವೈನ್ ಹರಡಿ ಗೋಡೆಯ ಮೇಲೆ ಇಳಿದಿದೆ. ನಾನು ಅದನ್ನು ಮುಟ್ಟಿಲ್ಲ.

ಹೋಗಲಿ, ಸಿಟ್ಟು ಬಂದಿದೆ, ಬೇರೆ ಊರಿನ ಅಡುಗೆಮನೆ ಹುಡುಕಿಕೊಂಡು ಹೊರಟಿದ್ದಾನೆ ಅಂದುಕೊಳ್ಳಲು ನೋಡಿದೆ. ಆದರೆ ಚಾಕುಗಳ ಚೀಲ ಗೂಟದಲ್ಲೇ ನೇತಾಡುತ್ತಿದೆ. ಯಾವ ಅಡುಗೆಯವನೂ ಚಾಕು ಬಿಟ್ಟು ಕೆಲಸಕ್ಕೆ ಹೋಗುವುದಿಲ್ಲ. ತಿಬೋ, ನೀನು ಆಸ್ಪತ್ರೆಗೂ ಅದನ್ನು ತಂದಿದ್ದೆ, ಮಗು ಹುಟ್ಟುವ ದಿನ. ನರ್ಸು ಬಯ್ದಿದ್ದಳು.

ಮಾವ ಜೀಪು ತೆಗೆದುಕೊಂಡು ಬೆಟ್ಟದ ಕಡೆ ಹೊರಟರು. ಪೊಲೀಸಿಗೂ ಫೋನ್ ಮಾಡಿದೆ. ಜಿನೆತ್ ಬರುತ್ತಿದ್ದಾಳೆ, ನೈಟಿ ಮೇಲೆ ಕೋಟು ಹಾಕ್ಕೊಂಡೇ ಬರ್ತೀನಿ ಅಂದಳು. ನಿನ್ನ ಫೋನ್ ಆಫ್. ಕರೆದೆ, ಮತ್ತೆ ಕರೆದೆ. ಬರೆದದ್ದನ್ನೆಲ್ಲ ಫೋಟೊ ತೆಗೆದು ಕಳಿಸುತ್ತಿದ್ದೇನೆ ತಿಬೋ, ಫೆಬ್ರವರಿಯಿಂದ ಈ ಪುಟದವರೆಗೆ. ಯಾರಿಗೂ ಅಂತ ಬರೆದದ್ದಲ್ಲ. ಈಗ ನಿನಗೆ. ಆನ್ ಮಾಡಿದ ಕೂಡಲೇ ಇದು ಸಿಗಲಿ.

ನಾನು ಪರೀಕ್ಷೆ ಮಾಡಿದ್ದು ಮೂಗನ್ನಲ್ಲ. ನಿನಗೆ ನಾನಿನ್ನೂ ಬೇಕಾ ಅಂತ. ನಾನೇ ಕೆಟ್ಟವಳು, ವೈನ್ ಅಲ್ಲ.

ಮೊನ್ನೆಯ ಕೋಳಿ ಸರಿಯಾಗಿತ್ತು ಕಣೋ. ಸಮಾಧಾನಕ್ಕೆ ಹೇಳುತ್ತಿಲ್ಲ. ಕದ್ದು ತಿಂದೆ, ಉಗಿಯಲಿಲ್ಲ.

ಮಗುವಿನ ನೆತ್ತಿ ಈಗಲೂ ಹಾಗೇ ಇದೆ. ಆಗ ತಾನೇ ಒಲೆಯಿಂದ ತೆಗೆದ ಬ್ರೆಡ್ಡು. ದಿನಾ ಹೇಳುತ್ತೇನೆ ನಿನಗೆ, ಕೇಳಿ ಸಾಕಾಗುವಷ್ಟು.

ಬೋರಲು ಗ್ಲಾಸು ಅಂದರೆ ಒಪ್ಪಿಗೆ ಇಲ್ಲ ಅಂತ. ಸರಿ. ಒಪ್ಪಬೇಡ. ಬೇರೆ ಗ್ಲಾಸು ಇಡುತ್ತೇನೆ, ಅದಕ್ಕೂ ಒಪ್ಪದಿದ್ದರೆ ಇನ್ನೊಂದು, ಮೊಲದ ಮಾಂಸದ ಹಾಗೆ ವಾರವಿಡೀ... ಆದರೆ ಆ ಕಡೆ ನೀನಿರಬೇಕಲ್ಲ.

ಬೆಳಗಾದರೆ ಇನ್ಯಾರೋ ಬಂದು ನಿನ್ನ ಒಲೆ ಹಚ್ಚುತ್ತಾರೆ. ಅದಕ್ಕೆ ಮುಂಚೆ ಫೋನ್ ಮಾಡು. ಬಯ್ಯುವುದಕ್ಕಾದರೂ ಮಾಡು. ಮಾತಾಡುವುದೂ ಬೇಡ, ಸುಮ್ಮನೆ ಉಸಿರಾಡು, ನಾನು ಕೇಳಿಸಿಕೊಳ್ಳುತ್ತೇನೆ. ಅಗಾತ್ ಎದ್ದಳು, ಎದೆಗೆ ಹಾಕಿಕೊಂಡೇ ಬರೆಯುತ್ತಿದ್ದೇನೆ, ಇನ್ನೊಂದು ಕೈಯಲ್ಲಿ ಫೋನ್ ಇದೆ, ಕೆಳಗಿಡುವುದಿಲ್ಲ, ಮಾಡು ತಿಬೋ, ಕತ್ತಲೆ ಹರಿಯುವ ಮೊದಲು ಒಂದೇ ಒಂದು ಸಲ